ಯೀಸ್ಟಿಗೂ ಸೆಕೆಯಾಗುತ್ತದೆ

ನಾನು ಮನೆಯಲ್ಲಿ ಮಾಡಿದ ಮೊದಲ ಬಿಯರಿಗೆ ನೇಲ್ ಪಾಲಿಶ್ ಅಳಿಸುವ ದ್ರವದ ವಾಸನೆಯಿತ್ತು. ಟೆಕ್ಸಸ್ಸಿನ ಆಸ್ಟಿನ್ನಿನಲ್ಲಿ, ಜೂನ್ ತಿಂಗಳಲ್ಲಿ, ಬಟ್ಟೆ ಇಡುವ ಕ್ಲಾಸೆಟ್ಟಿನ ಕತ್ತಲೆಯ ಮೂಲೆಯಲ್ಲಿ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಪೇಲ್ ಏಲ್ ಎಂಬ ಬಗೆಯ ಬಿಯರನ್ನು ಹುದುಗಲು ಇಟ್ಟಿದ್ದೆ. ಗೋಡೆಯ ಮೇಲಿನ ಥರ್ಮೋಸ್ಟಾಟ್ 76 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ನಮ್ಮ ಲೆಕ್ಕದಲ್ಲಿ ಅದು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ತುಸು ಹೆಚ್ಚು. ಯೀಸ್ಟಿನ ಪೊಟ್ಟಣದ ಮೇಲೆ ಬರೆದಿದ್ದ ಮಿತಿಯೊಳಗೇ ಇದೆಯಲ್ಲ ಎಂದು ನಿಶ್ಚಿಂತನಾಗಿದ್ದೆ. ಮೂರು ವಾರ ಕಳೆದು ಬಾಟಲಿ ತೆರೆದಾಗ ಮೂಗಿಗೆ ಮೊದಲು ಬಡಿದದ್ದು ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಪರಿಮಳವಲ್ಲ, ಆ ಘಾಟು. ಛಲದಿಂದ ಎರಡು ಬಾಟಲಿ ಕುಡಿದು ಮುಗಿಸಿದೆ. ಮರುದಿನ ಮಧ್ಯಾಹ್ನದವರೆಗೂ ತಲೆನೋವು ಬಿಡಲಿಲ್ಲ.

ನನ್ನ ತಪ್ಪು ಸರಳವಾದದ್ದು. ನಾನು ನೋಡಿದ್ದು ಕೋಣೆಯ ಉಷ್ಣತೆಯನ್ನು. ಯೀಸ್ಟ್ ಬದುಕುತ್ತಿದ್ದದ್ದು ಬಕೆಟ್ಟಿನ ಒಳಗೆ. ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡಾಗಿ ಒಡೆಯುವಾಗ ಯೀಸ್ಟ್ ಶಾಖವನ್ನೂ ಹೊರಹಾಕುತ್ತದೆ. ಆಮೇಲೆ ಕುಳಿತು ಲೆಕ್ಕ ಹಾಕಿದೆ: ಆರಂಭದ ಸಾಂದ್ರತೆ ನೀರಿನ 1.050 ಪಟ್ಟು ಇರುವ ಸಾಮಾನ್ಯ ಬಿಯರಿನಲ್ಲಿ ಲೀಟರಿಗೆ ಸುಮಾರು 85 ಗ್ರಾಂ ಸಕ್ಕರೆ ಹುದುಗಿ ಮುಗಿಯುತ್ತದೆ, ಪ್ರತಿ ಗ್ರಾಮಿಗೆ ಅರ್ಧ ಕಿಲೋಜೂಲಿಗಿಂತ ಸ್ವಲ್ಪ ಹೆಚ್ಚು ಶಾಖ ಹುಟ್ಟುತ್ತದೆ. ಈ ಶಾಖದಲ್ಲಿ ಒಂದಿಷ್ಟೂ ಹೊರಗೆ ಹೋಗದಿದ್ದರೆ ಇಡೀ ಪಾತ್ರೆ ಹತ್ತು ಡಿಗ್ರಿಗೂ ಮೀರಿ ಬಿಸಿಯಾಗಬೇಕು. ಪಾತ್ರೆಯ ಗೋಡೆಯ ಮೂಲಕ ಬಹುಪಾಲು ಹೊರಗೆ ಹೋಗಿಬಿಡುವುದರಿಂದ ನಿಜವಾದ ಏರಿಕೆ ಅಷ್ಟಿರುವುದಿಲ್ಲ. ಆದರೂ ಹುದುಗುವಿಕೆ ಜೋರಾಗಿರುವ ದಿನಗಳಲ್ಲಿ ಒಳಗಿನ ಉಷ್ಣತೆ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಮೇಲಿರುವುದು ಸಾಮಾನ್ಯ. ಗಾಳಿಯಾಡದ ಕ್ಲಾಸೆಟ್ಟಿನಲ್ಲಿ, ಕೋಟುಗಳ ನಡುವೆ ಇಟ್ಟಿದ್ದ ನನ್ನ ಬಕೆಟ್ಟು 28ನ್ನು ದಾಟಿರಬೇಕು.

ಅಷ್ಟು ಸೆಕೆಯಲ್ಲಿ ಯೀಸ್ಟ್ ಸಾಯುವುದಿಲ್ಲ, ಬದಲಿಗೆ ಅತಿ ಉತ್ಸಾಹದಿಂದ ಕೆಲಸ ಮಾಡುತ್ತದೆ. ತೊಂದರೆ ಇರುವುದೇ ಅಲ್ಲಿ. ಅವಸರದಲ್ಲಿ ಬೆಳೆಯುವ ಯೀಸ್ಟ್ ಎಥನಾಲಿನ ಜೊತೆಗೆ ಫ್ಯೂಸೆಲ್ ಎಂದು ಕರೆಯುವ ಭಾರವಾದ ಆಲ್ಕೋಹಾಲುಗಳನ್ನೂ ಎಸ್ಟರ್ ಎಂಬ ವಾಸನೆಯ ಸಂಯುಕ್ತಗಳನ್ನೂ ಹೆಚ್ಚು ಪ್ರಮಾಣದಲ್ಲಿ ಹುಟ್ಟಿಸುತ್ತದೆ. ಎಸ್ಟರುಗಳೆಲ್ಲ ಕೆಟ್ಟವೇನಲ್ಲ, ಜರ್ಮನಿಯ ಗೋಧಿ ಬಿಯರಿನಲ್ಲಿ ಬರುವ ಬಾಳೆಹಣ್ಣಿನ ಪರಿಮಳ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರಿನದೇ, ಅಲ್ಲಿ ಅದನ್ನು ಬಯಸಿ ಬರಿಸುತ್ತಾರೆ. ಆದರೆ ಈಥೈಲ್ ಅಸಿಟೇಟ್ ಎಂಬ ಇನ್ನೊಂದು ಎಸ್ಟರ್ ಮಿತಿ ಮೀರಿದರೆ ನನ್ನ ಮೊದಲ ಬಿಯರಿನ ಕಥೆಯಾಗುತ್ತದೆ. ಈ ರುಚಿಗಳಲ್ಲಿ ಬಹುಪಾಲು ನಿರ್ಧಾರವಾಗುವುದು ಯೀಸ್ಟ್ ಹಾಕಿದ ಮೊದಲ ಮೂರು ದಿನಗಳಲ್ಲಿ, ಅದು ಮರಿಹಾಕುತ್ತ ಹೆಚ್ಚುವ ಹೊತ್ತಿನಲ್ಲಿ. ನಾಲ್ಕನೆಯ ದಿನ ಎಚ್ಚೆತ್ತು ಮಂಜುಗಡ್ಡೆ ಸುರಿದರೆ ಆಗಲೇ ಹುಟ್ಟಿದ ಘಾಟು ಹಿಂದಕ್ಕೆ ಹೋಗುವುದಿಲ್ಲ. ಆದ್ದರಿಂದ ನಾನೀಗ ಕುದಿಸಿದ ಮಾಲ್ಟಿನ ರಸ, ಅಂದರೆ ವರ್ಟ್, 18 ಡಿಗ್ರಿಗೆ ಇಳಿಯುವ ತನಕ ಯೀಸ್ಟಿನ ಪೊಟ್ಟಣವನ್ನು ಕತ್ತರಿಸುವುದೇ ಇಲ್ಲ. ಟೆಕ್ಸಸ್ಸಿನ ಬೇಸಿಗೆಯಲ್ಲಿ ನಲ್ಲಿಯ ನೀರೇ ಉಗುರುಬೆಚ್ಚಗೆ ಬರುವುದರಿಂದ, ತಂಪಾಗಿಸುವ ತಾಮ್ರದ ಸುರುಳಿಯಲ್ಲಿ ಎಷ್ಟು ನೀರು ಹರಿಸಿದರೂ ವರ್ಟ್ 30ರ ಸುಮಾರಿನಲ್ಲಿ ನಿಂತುಬಿಡುತ್ತದೆ. ಮುಚ್ಚಳ ಬಿಗಿದು ರಾತ್ರಿಯಿಡೀ, 18 ಡಿಗ್ರಿಗೆ ಹೊಂದಿಸಿದ ಫ್ರೀಜರಿನಲ್ಲಿಟ್ಟು (ಅದರ ಕಥೆ ಮುಂದಿದೆ) ಬೆಳಿಗ್ಗೆ ಯೀಸ್ಟ್ ಹಾಕುತ್ತೇನೆ. ಪಾತ್ರೆ ಶುಚಿಯಾಗಿದ್ದರೆ ಆ ಒಂದು ರಾತ್ರಿಯಿಂದ ಏನೂ ಕೆಡುವುದಿಲ್ಲ.

ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸುವುದು ಸುಲಭವಾಯಿತು. ಡಿಸೆಂಬರಿನಲ್ಲಿ ಮೈಸೂರಿನ ಮನೆಯಲ್ಲಿ ದೋಸೆಹಿಟ್ಟಿನ ಪಾತ್ರೆಗೆ ಹಳೆಯ ಶಾಲು ಸುತ್ತಿಡುವವರು ಅವರು. ಏಪ್ರಿಲಿನಲ್ಲಿ ಅದೇ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದು ಹುಳಿ ಹುಳಿಯಾಗುವುದನ್ನು ನೋಡಿದವರು. "ಹಾಗಾದರೆ ನಿನ್ನದಕ್ಕೆ ಶಾಲು ಬಿಚ್ಚಬೇಕು ಅನ್ನು" ಎಂದರು. ಮಾಡುತ್ತಿರುವುದು ಬಿಯರು ಎಂಬುದರ ಬಗ್ಗೆ ಅವರಿಗಿರುವ ಅಭಿಪ್ರಾಯ ಬೇರೆಯೇ, ಅದನ್ನು ಇಲ್ಲಿ ಬರೆಯುವುದಿಲ್ಲ.

ಸೆಕೆಯ ಮುಂದೆ ಸೋತವರಲ್ಲಿ ನಾನೇ ಮೊದಲಿಗನಲ್ಲ ಎಂಬುದು ಒಂದು ಸಮಾಧಾನ. ಬವೇರಿಯಾದಲ್ಲಿ 1553ರ ಆಜ್ಞೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸುವುದನ್ನೇ ನಿಷೇಧಿಸಿತ್ತು, ಏಕೆಂದರೆ ಬೇಸಿಗೆಯಲ್ಲಿ ಮಾಡಿದ ಬಿಯರ್ ಕೆಡುತ್ತಿತ್ತು. ಅಲ್ಲಿನವರು ಚಳಿಗಾಲದಲ್ಲಿ ಕೆರೆಗಳ ಮಂಜುಗಡ್ಡೆ ಕಡಿದು ನೆಲಮಾಳಿಗೆಗಳಲ್ಲಿ ತುಂಬಿಟ್ಟು ತಂಪು ಕಾಯ್ದರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತನ್ನ ಶೀತಕ ಯಂತ್ರವನ್ನು ಮೊದಲಿಗೆ ಪ್ರಯೋಗಿಸಿದ್ದು ಮ್ಯೂನಿಕ್ಕಿನ ಸ್ಪಾಟೆನ್ ಬಿಯರ್ ಕಾರ್ಖಾನೆಯಲ್ಲಿ. ನಮ್ಮ ಅಡುಗೆಮನೆಯ ಫ್ರಿಜ್ಜಿನ ವಂಶವೃಕ್ಷದಲ್ಲಿ ಬಿಯರಿಗೆ ಹೀಗೊಂದು ಹಿರಿಯ ಸ್ಥಾನವಿದೆ.

ಎರಡನೆಯ ಸಲ ನಾನು ಬಡವರ ಶೀತಕವನ್ನು ಹೂಡಿದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಅರ್ಧ ನೀರು ತುಂಬಿ, ಅದರಲ್ಲಿ ಬಿಯರ್ ಹುದುಗುವ ಪಾತ್ರೆಯಾದ ಫರ್ಮೆಂಟರನ್ನು ನಿಲ್ಲಿಸಿ, ಅದಕ್ಕೆ ಹಳೆಯ ಟಿ-ಶರ್ಟ್ ತೊಡಿಸಿ, ಬಟ್ಟೆಯ ಅಂಚು ನೀರಿನಲ್ಲಿ ಅದ್ದಿರುವಂತೆ ಇಳಿಬಿಟ್ಟು, ಎದುರಿಗೆ ಟೇಬಲ್ ಫ್ಯಾನ್ ಇಡುವುದು. ಮಣ್ಣಿನ ಹೂಜಿ ನೀರನ್ನು ತಣಿಸುವ ತತ್ತ್ವವೇ ಇದು. ಎ.ಸಿ.ಯ ಒಣಗಾಳಿಯಲ್ಲಿ ಇದರಿಂದ ಮೂರು ನಾಲ್ಕು ಡಿಗ್ರಿ ಖಂಡಿತ ಇಳಿಯುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಹೆಪ್ಪುಗಟ್ಟಿದ ನೀರಿನ ಬಾಟಲಿಯನ್ನು ತೊಟ್ಟಿಗೆ ಹಾಕಿದರೆ ಇನ್ನೂ ಎರಡು ಡಿಗ್ರಿ. ತೊಟ್ಟಿಯ ನೀರಿನಿಂದ ಆಗುವ ದೊಡ್ಡ ಉಪಕಾರ ಇನ್ನೊಂದಿದೆ. ಗಾಳಿ ಕ್ಷಣದಲ್ಲಿ ಬಿಸಿಯಾಗಿ ಕ್ಷಣದಲ್ಲಿ ತಣ್ಣಗಾಗುತ್ತದೆ, ಆದರೆ ನೀರಿನ ರಾಶಿ ಹಾಗೆ ಅವಸರ ಮಾಡುವುದಿಲ್ಲ, ಹಗಲು ರಾತ್ರಿಯ ಏರಿಳಿತವನ್ನು ಅದು ತಾನೇ ನುಂಗಿಕೊಳ್ಳುತ್ತದೆ. ಆ ಸಲದ ಬಿಯರ್ ಕುಡಿಯುವಂತಿತ್ತು. ಆದರೆ ವಾರಾಂತ್ಯದಲ್ಲಿ ಊರು ಬಿಟ್ಟು ಹೋಗುವಂತಿರಲಿಲ್ಲ, ಬಾಟಲಿ ಬದಲಾಯಿಸಲು ಒಬ್ಬರು ಮನೆಯಲ್ಲಿರಬೇಕಿತ್ತು.

ಕೊನೆಗೆ ಯಾರೋ ಮಾರುತ್ತಿದ್ದ ಹಳೆಯ ಚೆಸ್ಟ್ ಫ್ರೀಜರನ್ನು ತಂದು ಗ್ಯಾರೇಜಿನಲ್ಲಿ ಇಟ್ಟೆ. ಫ್ರೀಜರನ್ನು ಅದರ ಪಾಡಿಗೆ ಬಿಟ್ಟರೆ ಬಿಯರನ್ನು ಕಲ್ಲು ಮಾಡುತ್ತದೆ. ಅದಕ್ಕೂ ಗೋಡೆಯ ಪ್ಲಗ್ಗಿಗೂ ನಡುವೆ ಒಂದು ಉಷ್ಣತಾ ನಿಯಂತ್ರಕ ಬೇಕು. ಅದರ ಉದ್ದನೆಯ ವೈರಿನ ತುದಿಯಲ್ಲಿ ಉಷ್ಣತೆ ಅಳೆಯುವ ಪುಟ್ಟ ಮೊನೆಯಿರುತ್ತದೆ. ಅದು ನಾವು ಹೇಳಿದ ಮಿತಿಗಿಂತ ಬಿಸಿಯಾದರೆ ಫ್ರೀಜರಿಗೆ ವಿದ್ಯುತ್ ಹರಿಯುತ್ತದೆ, ತಣ್ಣಗಾದರೆ ನಿಲ್ಲುತ್ತದೆ. ಬೆಲೆ ಹೆಚ್ಚೇನಿಲ್ಲ, ಗುಂಡಿಗಳು ನಾಲ್ಕೇ. ನಾನು ತಿಂಗಳುಗಟ್ಟಲೆ ಗೊಂದಲಪಟ್ಟದ್ದು ಒಂದೇ ಪ್ರಶ್ನೆಗೆ: ಆ ಮೊನೆಯನ್ನು ಎಲ್ಲಿಡಬೇಕು?

ಮೊದಲು ಫ್ರೀಜರಿನ ಒಳಗೆ ಗಾಳಿಯಲ್ಲಿ ತೂಗುಬಿಟ್ಟೆ. ಪರದೆಯ ಮೇಲೆ 18 ಎಂಬ ಅಂಕಿ ಅಲ್ಲಾಡದೆ ನಿಂತಿತ್ತು, ಕಂಪ್ರೆಸರ್ ಹತ್ತು ನಿಮಿಷಕ್ಕೊಮ್ಮೆ ಚಾಲೂ ಆಗಿ ನಿಲ್ಲುತ್ತಿತ್ತು, ನನಗೆ ಪರಮ ಸಂತೋಷವಾಗಿತ್ತು; ಒಂದು ದಿನ ಕುತೂಹಲಕ್ಕೆ ಬಿಯರಿನೊಳಗೇ ಥರ್ಮಾಮೀಟರ್ ಇಳಿಸಿ ನೋಡಿದರೆ ಅಲ್ಲಿ 21 ಇತ್ತು. ಕ್ಲಾಸೆಟ್ಟಿನ ತಪ್ಪನ್ನೇ ಹೆಚ್ಚು ಹಣ ಕೊಟ್ಟು ಮತ್ತೊಮ್ಮೆ ಮಾಡಿದ್ದೆ. ಈಗ ಮೊನೆಯನ್ನು ಫರ್ಮೆಂಟರಿನ ಹೊರಮೈಗೆ, ದ್ರವದ ಮಟ್ಟದ ನಡುಮಧ್ಯದಲ್ಲಿ ಅಂಟುಪಟ್ಟಿಯಿಂದ ಬಿಗಿದು, ಅದರ ಮೇಲೆ ಅಂಗೈಯಗಲದ ದಪ್ಪ ಫೋಮಿನ ತುಂಡನ್ನು ಮುಚ್ಚುತ್ತೇನೆ. ಹೊರಗಿನ ಗಾಳಿ ತಾಗದಂತೆ ಫೋಮು ತಡೆಯುವುದರಿಂದ ಮೊನೆ ಓದುವುದು ಪಾತ್ರೆಯ ಗೋಡೆಯನ್ನು, ಅದರ ಹಿಂದಿರುವ ಬಿಯರನ್ನು. ಒಳಗಿನ ಥರ್ಮಾಮೀಟರಿಗೂ ಇದಕ್ಕೂ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರ ನನಗೆ ಕಂಡಿಲ್ಲ. ಮುಚ್ಚಳದ ಮೂಲಕ ಒಳಗೇ ಇಳಿಯುವ ಸ್ಟೀಲ್ ಕೊಳವೆಯೂ ಸಿಗುತ್ತದೆ, ಆದರೆ ತೊಳೆಯಬೇಕಾದ ಸಾಮಾನುಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಲು ನನಗೆ ಮನಸ್ಸಿಲ್ಲ.

ನಿಯಂತ್ರಕದಲ್ಲಿ ಏರಿಳಿತದ ಅಂತರವನ್ನು ಅರ್ಧ ಡಿಗ್ರಿಗೂ, ಕಂಪ್ರೆಸರ್ ನಿಂತ ಮೇಲೆ ಮತ್ತೆ ಶುರುವಾಗಲು ಕಾಯುವ ಹೊತ್ತನ್ನು ಐದು ನಿಮಿಷಕ್ಕೂ ಇಟ್ಟಿದ್ದೇನೆ. ನಿಂತ ತಕ್ಷಣ ಮತ್ತೆ ಚಾಲೂ ಮಾಡುತ್ತ ಹೋದರೆ ಕಂಪ್ರೆಸರ್ ಬಹುಕಾಲ ಬಾಳುವುದಿಲ್ಲ. ಅಂಟುಪಟ್ಟಿಯನ್ನು ಮಾತ್ರ ಎರಡು ಸುತ್ತು ಸುತ್ತಬೇಕು. ಒಮ್ಮೆ ತೇವಕ್ಕೆ ಅದು ಬಿಚ್ಚಿ, ವೈರು ಜಾರಿ, ಮೊನೆ ಫ್ರೀಜರಿನ ಮುಚ್ಚಳದ ಸಂದಿನಿಂದ ಹೊರಗೆ ಬಿತ್ತು. ಗ್ಯಾರೇಜಿನ 35 ಡಿಗ್ರಿಯನ್ನು ಬಿಯರಿನದೆಂದು ನಂಬಿದ ನಿಯಂತ್ರಕ ರಾತ್ರಿಯಿಡೀ ಫ್ರೀಜರನ್ನು ಓಡಿಸಿತು. ಬೆಳಿಗ್ಗೆ ನೋಡಿದರೆ ಅಂಚಿನಲ್ಲಿ ಮಂಜಿನ ಹರಳು ಕಟ್ಟಿತ್ತು, ತಣಿದು ಕುಗ್ಗಿದ ಪಾತ್ರೆ, ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಏರ್‌ಲಾಕಿನ ನೀರನ್ನೆಲ್ಲ ಒಳಗೆ ಎಳೆದುಕೊಂಡಿತ್ತು. ಅಂದಿನಿಂದ ಏರ್‌ಲಾಕಿಗೆ ನೀರಿನ ಬದಲು ವೋಡ್ಕಾ ಹಾಕುತ್ತೇನೆ. ಒಳಗೆ ಬಿದ್ದರೂ ಸೋಂಕಿನ ಭಯವಿಲ್ಲ.

ಉಷ್ಣತೆಯನ್ನು ಸ್ಥಿರವಾಗಿಡುವುದೆಂದರೆ ಕೊನೆಯವರೆಗೂ ಒಂದೇ ಅಂಕಿಗೆ ಕಟ್ಟಿಹಾಕುವುದಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ನಿಧಾನದ ಏರಿಕೆಯನ್ನು ಯೀಸ್ಟ್ ಸಹಿಸುತ್ತದೆ, ಅಷ್ಟೇಕೆ, ಕೊನೆಯಲ್ಲಿ ಅದಕ್ಕೆ ಅದು ಬೇಕು. ಹಠಾತ್ ಇಳಿಕೆಯನ್ನು ಮಾತ್ರ ಸಹಿಸುವುದಿಲ್ಲ. ಎರಡು ಮೂರು ಡಿಗ್ರಿ ಇಳಿದರೂ ಅದು ಪಾತ್ರೆಯ ತಳಕ್ಕೆ ಕುಳಿತು, ಉಳಿದ ಸಕ್ಕರೆಯನ್ನು ಹಾಗೇ ಬಿಟ್ಟು ಮಲಗುವುದುಂಟು. ಹುದುಗುವಿಕೆಯ ಮಧ್ಯದಲ್ಲಿ ಡಯಾಸಿಟೈಲ್ ಎಂಬ ವಸ್ತು ಬಿಯರಿನಲ್ಲಿ ಸೇರಿಕೊಳ್ಳುತ್ತದೆ, ಅದರ ರುಚಿ ಬೆಣ್ಣೆಯದು. ಅದನ್ನು ಮತ್ತೆ ಹೀರಿಕೊಳ್ಳುವುದೂ ಯೀಸ್ಟಿನದೇ ಕೆಲಸ, ಬೆಚ್ಚಗಿದ್ದರೆ ಬೇಗ ಮುಗಿಸುತ್ತದೆ. ಹಾಗಾಗಿ ಏಲನ್ನು ಮೂರು ದಿನ 18ರಲ್ಲಿಟ್ಟು, ಗುಳ್ಳೆಗಳ ಅಬ್ಬರ ಇಳಿಯುತ್ತಿರುವಾಗ ದಿನಕ್ಕೊಂದು ಡಿಗ್ರಿಯಂತೆ 21ಕ್ಕೆ ಏರಿಸುತ್ತೇನೆ. ತಂಪಿನಲ್ಲಿ ಹುದುಗುವ ಇನ್ನೊಂದು ಬಗೆಯ ಬಿಯರಾದ ಲಾಗರನ್ನು 10 ಅಥವಾ 11ರಲ್ಲಿ ಹುದುಗಿಸಿ, ಮುಗಿಯುವ ಮುನ್ನ ಎರಡು ಮೂರು ದಿನ 16ರ ಹತ್ತಿರ ಇಡುತ್ತೇನೆ. ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಅಂಕಿ ಮೂರು ದಿನ ಬದಲಾಗದೆ ನಿಂತ ಮೇಲೆಯೇ ತಣಿಸಲು ತೊಡಗುವುದು.

ಆಸ್ಟಿನ್ನಿನಲ್ಲಿ ಜನವರಿಯ ಸಮಸ್ಯೆ ಉಲ್ಟಾ. ಗ್ಯಾರೇಜು ಕೆಲವು ರಾತ್ರಿ 5 ಡಿಗ್ರಿಗೆ ಇಳಿಯುತ್ತದೆ. ಆಗ ನಿಯಂತ್ರಕದ ಎರಡನೆಯ ಪ್ಲಗ್ಗಿಗೆ ಬಿಸಿ ಮಾಡುವ ಪಟ್ಟಿಯೊಂದನ್ನು ಸಿಕ್ಕಿಸಿ ಫರ್ಮೆಂಟರಿನ ಸೊಂಟಕ್ಕೆ ಕಟ್ಟಿದರೆ ಮುಗಿಯಿತು.

ಕಳೆದ ಜುಲೈಯಲ್ಲಿ ಫ್ರೀಜರಿನ ತುಂಬ ಲಾಗರ್ ಇತ್ತು, ಇನ್ನೊಂದು ಬಕೆಟ್ಟಿಗೆ ಜಾಗವಿರಲಿಲ್ಲ. ಬಿಯರ್ ಮಾಡುವ ಸ್ನೇಹಿತರೊಬ್ಬರು ಕ್ವೈಕ್ ಎಂಬ ಯೀಸ್ಟ್ ಕೊಟ್ಟರು. ಪಶ್ಚಿಮ ನಾರ್ವೆಯ ರೈತಮನೆಗಳಲ್ಲಿ ತಲೆಮಾರುಗಳಿಂದ ಒಣಗಿಸಿ ಕಾಪಾಡಿಕೊಂಡು ಬಂದ ಈ ತಳಿ 35 ಡಿಗ್ರಿಯಲ್ಲೂ ಘಾಟು ಹುಟ್ಟಿಸದೆ ಹುದುಗುತ್ತದೆ. ಚಳಿನಾಡಿನ ಯೀಸ್ಟಿಗೆ ಇಷ್ಟು ಸೆಕೆ ಹೇಗೆ ಒಗ್ಗಿತು ಎಂದು ಕೇಳಿದರೆ, ಅಲ್ಲಿನವರು ವರ್ಟ್ ಪೂರ್ತಿ ತಣಿಯುವ ಮುಂಚೆಯೇ ಯೀಸ್ಟ್ ಹಾಕುತ್ತಿದ್ದರು ಎಂದರು. ಬಕೆಟ್ಟನ್ನು ಗ್ಯಾರೇಜಿನ ನೆಲದ ಮೇಲೆ, ಫ್ರೀಜರಿನ ಪಕ್ಕದಲ್ಲೇ ಇಟ್ಟೆ. ನಾಲ್ಕು ದಿನದಲ್ಲಿ ಹುದುಗಿ ಮುಗಿಯಿತು. ಕಿತ್ತಳೆ ಸಿಪ್ಪೆಯ ಪರಿಮಳ, ತಲೆನೋವಿಲ್ಲ. ಒಳಗಿದ್ದ ಲಾಗರಿಗೆ ಆಗ ಇನ್ನೂ ಐದು ವಾರ ಬಾಕಿಯಿತ್ತು.