ಬೀಗ ಬಿದ್ದ ಓವನ್, ಕಾಯುತ್ತಿದ್ದ ನಾನ್‌ಖಟಾಯಿ

2024ರ ದೀಪಾವಳಿ. ಮಹಾರಾಷ್ಟ್ರದಲ್ಲಿ ಹಬ್ಬ ಶುರುವಾಗುವ ವಸುಬಾರಸದ ಹಿಂದಿನ ದಿನ, ಭಾನುವಾರ ಮಧ್ಯಾಹ್ನ. ಒಂದು ಕಿಲೋ ಮೈದಾಕ್ಕೆ ತುಪ್ಪ, ಸಕ್ಕರೆ ಪುಡಿ, ಏಲಕ್ಕಿ ಸೇರಿಸಿ ನಾದಿ, ಉಂಡೆ ಕಟ್ಟಿ, ಟ್ರೇಗಳಲ್ಲಿ ಜೋಡಿಸಿಟ್ಟಿದ್ದೆ. ಪುಣೆಯಲ್ಲಿ ದೀಪಾವಳಿ ಅಂದರೆ ಫರಾಳದ, ಅಂದರೆ ಹಬ್ಬದ ತಿಂಡಿಗಳ, ಡಬ್ಬಿಗಳು ಮನೆಯಿಂದ ಮನೆಗೆ ಓಡಾಡಲೇಬೇಕು. ಚಕ್ಕಲಿ, ಚಿವಡಾ ಎಲ್ಲರ ಮನೆಯಲ್ಲೂ ಇರುತ್ತದೆ. ಹಾಗಾಗಿ ನಮ್ಮ ಡಬ್ಬಿಯಲ್ಲಿ ಪ್ರತಿ ವರ್ಷ ನಾನ್‌ಖಟಾಯಿ.

ಓವನ್ ಬಿಸಿಗಿಡಲು ಹೋದೆ. ಟಚ್ ಪ್ಯಾನೆಲ್ಲಿನ ಮೇಲೆ ಬೆರಳಿಟ್ಟೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಜೋರಾಗಿ ಒತ್ತಿದೆ, ಬೇರೆ ಬೆರಳಿನಿಂದ ಒತ್ತಿದೆ. ಗಡಿಯಾರ ಮಾತ್ರ ತನ್ನ ಪಾಡಿಗೆ ಸಮಯ ತೋರಿಸುತ್ತಿತ್ತು. ಅಂದರೆ ಕರೆಂಟ್ ಬರುತ್ತಿದೆ, ಪ್ಯಾನೆಲ್ ಸತ್ತಿಲ್ಲ. ಅಷ್ಟನ್ನು ಆಗಲೇ ನಿಧಾನವಾಗಿ ಯೋಚಿಸಬೇಕಿತ್ತು. ಆದರೆ ಹಬ್ಬದ ಹಿಂದಿನ ದಿನ ನಿಧಾನ ಎಲ್ಲಿಂದ ಬರಬೇಕು?

ಓಡಿಹೋಗಿ ಓವನ್ನಿನ ಕರೆಂಟ್ ಕಡಿಯುವ ಸ್ವಿಚ್ಚನ್ನು, ಅದೇ ಎಂಸಿಬಿಯನ್ನು, ಕೆಳಗೆ ಮಾಡಿದೆ. ಕಟ್ಟೆಯ ಕೆಳಗೆ ಕೂರಿಸಿದ ಓವನ್ನು, ಪ್ಲಗ್ ಹಿಂದೆ ಇದೆ, ಕೈಗೆ ಸಿಗುವುದಿಲ್ಲ. ಸುಮಾರು 2,300 ವ್ಯಾಟಿನದು, 230 ವೋಲ್ಟಿಗೆ 10 ಆಂಪಿಯರ್ ಎಳೆಯುತ್ತದೆ. ಅದಕ್ಕೇ 16 ಆಂಪಿಯರಿನ ಸಾಕೆಟ್, ಬೇರೆಯೇ ಎಂಸಿಬಿ ಹಾಕಿಸಿದ್ದೆವು. ಐದು ನಿಮಿಷ ಬಿಟ್ಟು ಮತ್ತೆ ಮೇಲೆ ಮಾಡಿದೆ. ಈಗ ಗಡಿಯಾರವೂ ಹೋಯಿತು. 00:00 ಅಂತ ಮಿಣುಕುತ್ತಾ ನಿಂತಿತು. ಬೆರಳಿಗೆ ಮಾತ್ರ ಮೊದಲಿನ ಹಾಗೇ ಉತ್ತರವಿಲ್ಲ.

ಸರ್ವಿಸ್‌ಗೆ ಫೋನ್ ಮಾಡಿದರೆ ಹಬ್ಬ ಮುಗಿದ ಮೇಲೆ ಬರುತ್ತೇವೆ ಅಂದರು. ಮಗ ಸ್ಕ್ರೂಡ್ರೈವರ್ ಹಿಡಿದು ಬಂದ, "ಕವರ್ ಬಿಚ್ಚಿ ನೋಡೋಣ ಅಮ್ಮಾ" ಅಂದ. ನಾನು ಗಟ್ಟಿಯಾಗಿ ಬೇಡ ಅಂದೆ. ಮೈಕ್ರೊವೇವ್ ಆದರಂತೂ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ನಮ್ಮದು ಮೈಕ್ರೊವೇವ್ ಅಲ್ಲ, ನಿಜ. ಆದರೂ ಹದಿನೈದು ವರ್ಷದ ಹುಡುಗನ ಕೈಗೆ ಆ ಅಭ್ಯಾಸ ಬೇಡ.

ಎದುರು ಮನೆಯ ಕಾಕು ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಅವರು ಹುಟ್ಟಿ ಬೆಳೆದದ್ದು ಪುಣೆಯ ಹಳೇ ಪೇಠೆಯಲ್ಲಿ. "ಇಷ್ಟಕ್ಕೆ ಯಾಕೆ ಮುಖ ಸಣ್ಣ ಮಾಡ್ತೀಯಾ? ಟ್ರೇ ಎತ್ತಿಕೊಂಡು ಬೇಕರಿಗೆ ನಡಿ" ಅಂದರು ಮರಾಠಿಯಲ್ಲಿ. ಅವರು ಚಿಕ್ಕವರಿದ್ದಾಗ ಯಾರ ಮನೆಯಲ್ಲೂ ಓವನ್ ಇರಲಿಲ್ಲವಂತೆ. ದೀಪಾವಳಿ ಬಂತೆಂದರೆ ಹಿಟ್ಟು, ತುಪ್ಪ, ಸಕ್ಕರೆ ಹೊತ್ತು ಬೇಕರಿಯ ಮುಂದೆ ಪಾಳಿ ಹಚ್ಚುತ್ತಿದ್ದರಂತೆ. ಭಟ್ಟಿಯಿಂದ ಬಿಸಿ ಟ್ರೇ ಹೊರಗೆ ಬಂದಾಗ ಗಲ್ಲಿಯೆಲ್ಲ ಏಲಕ್ಕಿ ವಾಸನೆ. ಕೇಳುತ್ತಾ ನನಗೂ ಸ್ವಲ್ಪ ಸಮಾಧಾನವಾಯಿತು. ಟ್ರೇಗಳನ್ನು ಫ್ರಿಜ್ಜಿನಲ್ಲಿಟ್ಟೆ, ತುಪ್ಪ ಕರಗಿ ಉಂಡೆ ಚಪ್ಪಟೆಯಾಗಬಾರದು ಅಲ್ವಾ.

ಅಷ್ಟು ಹೊತ್ತೂ ಅತ್ತೆ ಮಾತಾಡಿರಲಿಲ್ಲ. ಎರಡು ದಿನದ ಹಿಂದೆ ವಂದೇ ಭಾರತ್ ರೈಲಿನಲ್ಲಿ ಧಾರವಾಡದಿಂದ ಬಂದಿದ್ದರು. ಬಂದ ಮರುದಿನವೇ ಹಬ್ಬದ ಸ್ವಚ್ಛತೆಗೆ ಸೊಂಟ ಕಟ್ಟಿ ನಿಂತಿದ್ದರು. ಈಗ ಅಡುಗೆಮನೆಯ ಮೂಲೆಯಲ್ಲಿ ಸೆರಗು ಹಿಂಡುತ್ತಾ ನಿಂತಿದ್ದರು. ಕಾಕು ಹೋದ ಮೇಲೆ ಸಣ್ಣ ದನಿಯಲ್ಲಿ ಹೇಳಿದರು:

"ನಿನ್ನೆ ಹಸಿ ಅರಿವಿಲೆ ಒರಸಾಕತ್ತಿದ್ದೆ. ಒಂದ್ಸಲ ಟಿಂಯ್ ಅಂತವಾ. ಅಂಜಿ ಕೈ ತಗದೆ. ನನ್ನ ಕೈಲೇ ಕೆಟ್ಟಿತೇನ?"

ನನಗೆ ಒಮ್ಮೆಲೇ ಎಲ್ಲ ಹೊಳೆಯಿತು. ಜೊತೆಗೆ ಬೇಜಾರೂ ಆಯಿತು. ಎರಡು ತಾಸು ಅವರು ಆ ಭಯ ನುಂಗಿಕೊಂಡು ನಿಂತಿದ್ದರಲ್ಲ! ಮನೆಯಲ್ಲಿ ಆ ಓವನ್ನನ್ನು ಕೊನೆಯ ಸಲ ಮುಟ್ಟಿದವರು ಅವರು. ಅವರನ್ನು ಒಂದು ಮಾತು ಕೇಳದೆ ನಾನು ಊರೆಲ್ಲ ಕೇಳಿದ್ದೆ.

"ಇಲ್ರಿ ಅತ್ಯಾರ, ಕೆಟ್ಟಿಲ್ಲ. ಲಾಕ್ ಆಗೇತಿ ಅಷ್ಟ" ಅಂದೆ.

ಬಿಲ್ಲುಗಳ ಫೈಲಿನಿಂದ ಓವನ್ನಿನ ಪುಸ್ತಕ ಹುಡುಕಿ ತೆಗೆದೆ. ಮಕ್ಕಳು ಸುಮ್ನೆ ಒತ್ತಿಬಿಡಬಾರದು ಅಂತ ಇಟ್ಟಿರುವ ಚೈಲ್ಡ್ ಲಾಕ್. ಕೀಲಿಕೈ ಚಿತ್ರದ ಮೇಲೆ ಮೂರು ಸೆಕೆಂಡು ಬೆರಳಿಟ್ಟರೆ ಬೀಳುತ್ತದೆ, ಮತ್ತೆ ಹಾಗೇ ಮಾಡಿದರೆ ತೆರೆಯುತ್ತದೆ. ಇಂಥ ಪ್ಯಾನೆಲ್ಲಿನಲ್ಲಿ ಒಳಗೆ ಹೋಗುವ ಗುಂಡಿಗಳಿರುವುದಿಲ್ಲ. ಗಾಜಿನ ಕೆಳಗೆ ಸಣ್ಣ ವಿದ್ಯುತ್ ಕ್ಷೇತ್ರ ಇರುತ್ತದೆ, ಬೆರಳು ಬಂದರೆ ಅದು ಬದಲಾಗುತ್ತದೆ, ಪ್ಯಾನೆಲ್ ಅದನ್ನೇ ಒತ್ತಿದ ಲೆಕ್ಕಕ್ಕೆ ಹಿಡಿಯುತ್ತದೆ. ಒದ್ದೆ ಬಟ್ಟೆಯೂ ಅದಕ್ಕೆ ಬೆರಳೇ. ಅತ್ತೆ ಆ ಜಾಗದ ಕಲೆಯನ್ನು ಬಿಡದೆ ತಿಕ್ಕಿದ್ದಾರೆ, ಲಾಕ್ ಬಿದ್ದಿದೆ. ನಮ್ಮ ಓವನ್ನಿನಲ್ಲಿ ಕರೆಂಟ್ ತೆಗೆದರೂ ಆ ಲಾಕ್ ಹೋಗುವುದಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ. ಪರದೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೀಲಿಕೈ. ವಯಸ್ಸಾದವರೂ ಬಳಸುವ ಯಂತ್ರ ಇದು, ಆ ಗುರುತನ್ನು ಇನ್ನೂ ದೊಡ್ಡದು ಮಾಡಲೇಬೇಕು.

ಮೂರು ಸೆಕೆಂಡು ಹಿಡಿದೆ. ತೆರೆಯಲಿಲ್ಲ. ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಗಾಜಿನ ತುಂಬ ನನ್ನದೇ ತುಪ್ಪದ ಬೆರಳಿನ ಗುರುತು! ಜಿಡ್ಡು, ನೀರಿನ ಹನಿ ಇದ್ದರೂ ಟಚ್ ಪ್ಯಾನೆಲ್ಲಿನ ಲೆಕ್ಕ ತಪ್ಪುತ್ತದೆ. ಸೋಪು ಹಚ್ಚಿ ಕೈ ತೊಳೆದು ಒರೆಸಿಕೊಂಡೆ. ಗಾಜನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿದೆ. ಮತ್ತೆ ಬೆರಳಿಟ್ಟು ಎಣಿಸಿದೆ. ಟಿಂಯ್. ಕೀಲಿಕೈ ಹೋಯಿತು.

ಆದರೂ ಓವನ್ ಬಿಸಿಯಾಗಲಿಲ್ಲ. 170 ಡಿಗ್ರಿ ಇಟ್ಟರೂ ಒಳಗೆ ತಣ್ಣಗೆ. ಇದು ನಾನೇ ಎಂಸಿಬಿ ಇಳಿಸಿ ತಂದುಕೊಂಡ ತೊಡಕು. ಕರೆಂಟ್ ಹೋಗಿ ಬಂದ ಮೇಲೆ ಸಮಯ ಹೊಂದಿಸುವವರೆಗೂ ಕೆಲವು ಓವನ್ನುಗಳು ಬಿಸಿಯಾಗುವುದೇ ಇಲ್ಲ. ನಮ್ಮದೂ ಆ ಜಾತಿಯದು. 4:40 ಅಂತ ಹೊಂದಿಸಿ ಒಪ್ಪಿಸಿದೆ. ಮಿಣುಕುವುದು ನಿಂತಿತು. ಒಳಗೆಲ್ಲೋ ಟಕ್ ಅಂತ ರಿಲೇ ಸದ್ದಾಯಿತು, ಫ್ಯಾನ್ ತಿರುಗಿತು.

ಮೊದಲ ಟ್ರೇ ಹದಿನೆಂಟು ನಿಮಿಷಕ್ಕೆ ಹೊರಗೆ ಬಂತು. ಮೇಲೆ ಸಣ್ಣ ಬಿರುಕು, ಅಂಚು ಹೊಂಬಣ್ಣ. ಅತ್ತೆಗೆ ಮೊದಲನೆಯದು ಕೊಟ್ಟೆ. ಅವರು ತಿಂದರು, ಆದರೆ ಓವನ್ನಿನಿಂದ ದೂರವೇ ಕುಳಿತರು. ರಾತ್ರಿ ಪ್ಯಾನೆಲ್ ಒರೆಸುವ ಹೊತ್ತಿಗೆ ಅವರನ್ನು ಕರೆದೆ. ಒರೆಸುವ ಮುಂಚೆ ಬೇಕಂತಲೇ ಲಾಕ್ ಹಾಕಿಬಿಟ್ಟರೆ ಬೇರೆ ಯಾವ ಗುಂಡಿಯೂ ತಪ್ಪಿ ಒತ್ತಿಹೋಗುವುದಿಲ್ಲ ಅಂತ ತೋರಿಸಿದೆ. "ನಾ ಬ್ಯಾಡವಾ" ಅಂದರು. ಕೈ ಹಿಡಿದು ಬೆರಳನ್ನು ಕೀಲಿಕೈ ಮೇಲೆ ಇಡಿಸಿದೆ.

"ಒಂದು, ಎರಡು, ಮೂರು" ಅಂತ ಅವರೇ ಎಣಿಸಿದರು. ಟಿಂಯ್ ಅಂತು. ಈ ಸಲ ಕೈ ತೆಗೆಯಲಿಲ್ಲ.