ಎರಡು ಅಗ್ಗದ ಕಾರ್ಡು, ಒಂದು ಸುಟ್ಟ ಡಯಾಫ್ರಮ್

ಬೆಸ್ಕಾಂ ಕರೆಂಟ್ ಹೋಯಿತು, ಜನರೇಟರ್ ಹತ್ತಿತು, ಸ್ಪೀಕರ್‌ಗಳಿಗೆ ದನಿ ಹಂಚುವ ಪುಟ್ಟ ಕಂಪ್ಯೂಟರ್ ರ‍್ಯಾಸ್ಪ್‌ಬೆರಿ ಪೈ ರೀಬೂಟ್ ಆಯಿತು. ಸುಗಮ ಸಂಗೀತದವರು ಪಲ್ಲವಿಯನ್ನು ಮತ್ತೆ ಎತ್ತಿಕೊಂಡರು. ಟಾಪ್‌ಗಳಿಂದ, ಅಂದರೆ ಮುಖ್ಯ ಸ್ಪೀಕರ್ ಪೆಟ್ಟಿಗೆಗಳಿಂದ, ಮಾತ್ರ ಗರ್‌ಗರ್ ಸದ್ದು. ಜನರೇಟರ್ ಅರ್ಥಿಂಗ್‌ದೇ ಕಿತಾಪತಿ ಅಂದುಕೊಂಡು ವಾದ್ಯಗಳನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸ್‌ಗಳಲ್ಲಿ ಅರ್ಥ್ ಕೊಂಡಿ ಬಿಡಿಸುವ ಗ್ರೌಂಡ್ ಲಿಫ್ಟ್ ಗುಂಡಿಯನ್ನು ಒಂದೊಂದಾಗಿ ಒತ್ತುತ್ತಾ ಹೋದೆ. ಎರಡು ನಿಮಿಷ ಹಾಳು. ತಗ್ಗು ದನಿಯ ವೂಫರ್ ಹತ್ತಿರ ಒಮ್ಮೆ ಕಿವಿ ಇಟ್ಟಿದ್ದರೆ ಸಾಕಿತ್ತು: ಅಲ್ಲಿ ತಾಳದ ಕಿಣಿಕಿಣಿ ಬಿಟ್ಟು ಬೇರೇನೂ ಇರಲಿಲ್ಲ. ತಬಲಾ ಜೋಡಿಯ ಡಗ್ಗಾದ ಪೆಟ್ಟೆಲ್ಲ ಮೇಲಿನ ದನಿಗಷ್ಟೇ ಇರುವ ಕಂಪ್ರೆಷನ್ ಡ್ರೈವರ್‌ಗೆ ಬೀಳುತ್ತಿತ್ತು. ಅದನ್ನು ನಡೆಸುವ ಹೈ ಆಂಪ್ ಆಫ್ ಮಾಡುವಷ್ಟರಲ್ಲಿ ಎಡಗಡೆಯ ಡ್ರೈವರ್‌ನ ಕಂಪಿಸುವ ತೆಳು ಪೊರೆ, ಡಯಾಫ್ರಮ್, ಹೋಗಿತ್ತು.

ಕಂಟ್ರೋಲರ್ ಅಂದರೆ ಪೈ 4, ಅದರ ಮೇಲೆ ದನಿಯನ್ನು ಲೋ, ಹೈ ಎಂದು ಬೇರ್ಪಡಿಸುವ ಕ್ಯಾಮಿಲ್ಲಾ ಡಿಎಸ್‌ಪಿ ಸಾಫ್ಟ್‌ವೇರ್, ಔಟ್‌ಪುಟ್‌ಗೆ ಒಂದೇ ಮಾದರಿಯ ಎರಡು ಯುಎಸ್‌ಬಿ ಸೌಂಡ್ ಕಾರ್ಡು. ಒಂದು ಲೋ, ಒಂದು ಹೈ. ನಾಲ್ಕು ಔಟ್‌ಪುಟ್‌ನ ಒಂದೇ ಆಡಿಯೋ ಇಂಟರ್ಫೇಸ್ ಕೇಳಿದ್ದಕ್ಕೆ ಮಾಲೀಕರು, ‘ಎಸ್.ಪಿ. ರಸ್ತೆಯಲ್ಲಿ ಚಿಕ್ಕ ಕಾರ್ಡು ಸಿಗುತ್ತಲ್ಲಪ್ಪಾ, ಎರಡು ತಗೋ’ ಅಂದರು. ಲಿನಕ್ಸ್‌ನ ದನಿ ವ್ಯವಸ್ಥೆ ಆಲ್ಸಾದ ಮಲ್ಟಿ ಪ್ಲಗಿನ್‌ನಲ್ಲಿ ಜೋಡಿಸಿಬಿಡೋಣ ಅಂತ ನಾನೂ ಹೂಂಗುಟ್ಟಿದೆ. ಎರಡಕ್ಕೂ ಒಂದೇ ಹೆಸರು, ಸೀರಿಯಲ್ ನಂಬರ್ ಇಲ್ಲ. ಬೂಟ್ ಆಗುವಾಗ ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಕರ್ನೆಲ್ ಮೊದಲ ನಂಬರ್ ಕೊಡುತ್ತದೆ. ಆ ನಂಬರನ್ನೇ ನಂಬಿ ಕಾನ್ಫಿಗ್ ಬರೆದಿದ್ದು ನಾನೇ.

ಆ ರೀಬೂಟ್‌ನಲ್ಲಿ ಆದಂತೆ ಲೋ, ಹೈ ಅದಲು ಬದಲಾಗದಿದ್ದರೂ ಈ ಜೋಡಣೆ ಸರಿಯಲ್ಲ. ಎರಡು ಕಾರ್ಡು ಒಂದೇ ಕ್ಷಣಕ್ಕೆ ಶುರುವಾಗುತ್ತವೆ ಅನ್ನುವ ಖಾತ್ರಿ ಇಲ್ಲ. ನಮ್ಮ ಕ್ರಾಸ್‌ಓವರ್, ಅಂದರೆ ಲೋ, ಹೈ ಬೇರೆಯಾಗುವ ಗಡಿ, 1200 ಹರ್ಟ್ಸ್; ಫಿಲ್ಟರ್ ಲಿಂಕ್‌ವಿಟ್ಜ್-ರೈಲಿ ಮಾದರಿ, ಆಕ್ಟೇವ್‌ಗೆ 24 ಡಿಬಿ. 48 ಕಿಲೋಹರ್ಟ್ಸ್‌ನಲ್ಲಿ 20 ಸ್ಯಾಂಪಲ್ ಹೆಚ್ಚುಕಮ್ಮಿ ಆದರೆ ಆ ಗಡಿಯಲ್ಲಿ ಅರ್ಧ ತರಂಗದಷ್ಟು ವ್ಯತ್ಯಾಸ, ಲೋ, ಹೈ ಒಂದನ್ನೊಂದು ಅಳಿಸುತ್ತವೆ; ಹಾಡುಗಾರರ ದನಿಯ ನಡುವೆಯೇ ಹಳ್ಳ. ಒಂದು ದಿನ ಚೆನ್ನಾಗಿದ್ದ ಟ್ಯೂನಿಂಗ್ ಮರುದಿನ ಕೆಡುವುದು ಯಾಕೆಂದು ವಾರಗಟ್ಟಲೆ ಮೈಕನ್ನು ಬೈದಿದ್ದೆವು, ಪಾಪ.

ಡಯಾಫ್ರಮ್ ಬಿಲ್ ಬಂದ ಮೇಲೆ ಇಂಟರ್ಫೇಸ್ ತಾನಾಗಿಯೇ ಮಂಜೂರಾಯಿತು. ಈಗ ಇನ್‌ಪುಟ್ಟೂ ಔಟ್‌ಪುಟ್ಟೂ ಒಂದೇ ಕ್ಲಾಕ್‌ನಲ್ಲಿ, ಹಾಗಾಗಿ ಎರಡು ಕ್ಲಾಕ್‌ಗಳ ವೇಗ ಹೊಂದಿಸುವ ರೀಸ್ಯಾಂಪ್ಲರ್ ಬೇಕಿಲ್ಲ. ಕಾರ್ಡನ್ನು ನಂಬರಿನಿಂದಲ್ಲ, ಹೆಸರಿನಿಂದ ಕರೆಯುತ್ತೇವೆ. ಎರಡು ಒಂದೇ ತರಹದ ಕಾರ್ಡು ಬಳಸಲೇಬೇಕಾದವರು ಲಿನಕ್ಸ್ ಸಾಧನಗಳನ್ನು ಗುರುತಿಸುವ ಯೂಡೆವ್ ರೂಲ್‌ನಲ್ಲಿ ಯುಎಸ್‌ಬಿ ಪೋರ್ಟ್ ನೋಡಿ ಹೆಸರಿಡಲಿ, ಪೋರ್ಟ್‌ಗೆ ಬಣ್ಣದ ಟೇಪ್ ಸುತ್ತಲಿ. ಚಂಕ್ ಸೈಜ್, ಒಮ್ಮೆಗೆ ಸಂಸ್ಕರಿಸುವ ಸ್ಯಾಂಪಲ್‌ಗಳ ಸಂಖ್ಯೆ, 256, ಅಂದರೆ 5.3 ಮಿಲಿಸೆಕೆಂಡ್. 1024 ಇಟ್ಟರೆ ಒಂದು ಚಂಕ್‌ಗೇ 21 ಮಿಲಿಸೆಕೆಂಡ್ ದಾಟುತ್ತದೆ, ದನಿ ತಡವಾಗಿ ಲೈವ್‌ನಲ್ಲಿ ಹಾಡುವವರು ತಿರುಗಿ ನೋಡುತ್ತಾರೆ. ಎಸ್‌ಡಿ ಕಾರ್ಡಿಗೆ ಬದಲಾವಣೆಯನ್ನೆಲ್ಲ ಮೆಮರಿಯಲ್ಲೇ ಇಡುವ ಓವರ್‌ಲೇ ಹಾಕಿ ಬರೆಯದಂತೆ ಮಾಡಿದ್ದೇವೆ, ಕರೆಂಟ್ ಹೋದರೂ ಫೈಲ್ ಕೆಡದಿರಲಿ ಅಂತ.

ಎಲ್ಲಕ್ಕಿಂತ ಅಗ್ಗದ್ದು, ಮೊದಲ ದಿನವೇ ಹಾಕಬೇಕಾಗಿದ್ದದ್ದು: 8 ಓಮ್ ಡ್ರೈವರ್‌ಗೆ ಸರಣಿಯಲ್ಲಿ 33 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್. ಸುಮಾರು 600 ಹರ್ಟ್ಸ್‌ನಿಂದ ಕೆಳಗೆ ಇಳಿಸುತ್ತಾ ಹೋಗುತ್ತದೆ. ಸಾಫ್ಟ್‌ವೇರ್ ಏನೇ ಎಡವಟ್ಟು ಮಾಡಲಿ, ಡಗ್ಗಾ ಪೂರ್ತಿ ಜೋರಾಗಿ ಒಳಗೆ ನುಗ್ಗುವುದಿಲ್ಲ. ಅದು ತರುವ ಫೇಸ್ ಬದಲಾವಣೆಯನ್ನೂ ಸೇರಿಸಿ ಮತ್ತೆ ಅಳೆಯಬೇಕು.

ಹೈ ಆಂಪ್ ಈಗ ಕೊನೆಗೆ ಆನ್. ಅದಕ್ಕೂ ಮೊದಲು ಸಣ್ಣ ಮಟ್ಟದ ಪಿಂಕ್ ನಾಯ್ಸ್, ಪರೀಕ್ಷೆಯ ಭೋರ್ ಸದ್ದು, ಒಂದೊಂದೇ ಚಾನೆಲ್‌ಗೆ. ಜನರೇಟರ್ ಬದಲಾದ ಮೇಲೂ ಇದೇ ಕ್ರಮ, ಸಂಘಟಕರು ಎಷ್ಟೇ ಕೈ ಬೀಸಲಿ.