ಡಯಾಲಿಸಿಸ್ ಕೋಣೆಯ ಗೋಡೆ

12 ಆಗಸ್ಟ್ 2025, ಮಂಗಳವಾರ
ಕಾರವಾರ

"ದಿನಾ ನೀರು ಅಳೆದು ಕುಡಿಯೂದು. ಇಡೀ ಗೋಡೆ ತುಂಬ ನೀರೇ ಬರೆದ್ರೆ ಹ್ಯಾಂಗೆ ಮಾರಾಯ?"

ಡಯಾಲಿಸಿಸ್‌ಗೆ ಬರುವ ಮೂರನೇ ಕುರ್ಚಿಯ ಅಜ್ಜ ಹೀಗಂದಮೇಲೆ, ಕೋಣೆಯ ಗೋಡೆಗೆಂದು ಮಾಡಿದ್ದ ಕಡಲಿನ ಸ್ಕೆಚ್ಚು ಮಡಚಿಟ್ಟಾಯ್ತು. ಕಾರವಾರದಲ್ಲಿ ಗೋಡೆ ಸಿಕ್ಕಿದರೆ ಸಾಕು, ಸದಾಶಿವಗಡ, ದೇವಗಡದ ದೀಪಸ್ತಂಭ, ಕಾಳಿ ಸೇತುವೆ. ಸೇತುವೆ ಹೇಗೂ ಬೇಡವಾಗಿತ್ತು. ಹಳೇದು ಕುಸಿದು ಮೊನ್ನೆ 7ಕ್ಕೆ ವರ್ಷ ತುಂಬಿತು. ಆಸ್ಪತ್ರೆಯ ನೋಟ ರೋಗಿಗೆ ಏನು ಮಾಡುತ್ತದೆ ಅಂತ 1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಬರೆದದ್ದೂ ನೀರಿನ ಬಗ್ಗೆ ಅಲ್ಲ, ಮರದ ಬಗ್ಗೆಯೇ. ಪಿತ್ತಕೋಶದ ಆಪರೇಶನ್ ಆದವರಲ್ಲಿ, ಕಿಟಕಿಯಲ್ಲಿ ಇಟ್ಟಿಗೆ ಗೋಡೆ ಕಂಡವರಿಗಿಂತ ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಮದ್ದೂ ಕಡಿಮೆ ಸಾಕಾಯ್ತು.

"ಹಾಗಾದ್ರೆ ಕಾವಿ ಮಾಡಿ, ನಮ್ಮ ಕಡೆದೇ ಕಲೆ" ಅಂದರು ಸಿಸ್ಟರ್. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಬಳ್ಳಿ ದೇವಸ್ಥಾನದಲ್ಲಿ ಚಂದ. ನಾಲ್ಕು ತಾಸು ಪಕ್ಕದ ಕೊಳವೆಯಲ್ಲಿ ತನ್ನದೇ ರಕ್ತ ಓಡುವುದನ್ನು ನೋಡುವವರ ಎದುರಿಗೆ ಮತ್ತೆ ಕೆಂಪೇ? ಅವರೇ ಒಂದು ಕ್ಷಣ ಸುಮ್ಮನಿದ್ದು, "ಅದೂ ಹೌದು" ಅಂದರು.

ಕೊನೆಗೆ ಶಿರಸಿ ಕಡೆಯ ಅಡಿಕೆ ತೋಟ ಅಂತಾಯ್ತು. ಮರ ಒತ್ತೊತ್ತಾಗಿ ಬರೆದರೆ ಜೈಲಿನ ಕಂಬಿಯಂತೆ ಕಾಣುತ್ತದೆ. ನಡುವೆ ಕಾಲುದಾರಿ ಬಿಟ್ಟು, ಅದರ ತುದಿಗೆ ಬೆಳಕು ಬರಬೇಕು. ಹಸಿರು ಎದುರಿನ ಗೋಡೆಗೆ ಮಾತ್ರ. ಕುರ್ಚಿಯ ಅಕ್ಕಪಕ್ಕ ಮಾಸಲು ಬಿಳಿಯೇ ಇರಲಿ. ಅಷ್ಟು ಹತ್ತಿರ ಹಸಿರಿದ್ದರೆ ಅದರ ಛಾಯೆ ಮುಖಕ್ಕೆ ಹೊಡೆಯುತ್ತದೆ. ಡಯಾಲಿಸಿಸ್ ನಡುವೆ ಬಿಪಿ ಇಳಿದು ಮುಖ ಬಿಳಿಚಿಕೊಂಡರೆ ಸಿಸ್ಟರಿಗೆ ತಿಳಿಯುವುದು ಹೇಗೆ?

ಎಣ್ಣೆಬಣ್ಣ ಬೇಡ. ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ರೋಗಿಗಳು ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಅಕ್ರಿಲಿಕ್ ಎಮಲ್ಶನ್, ಮೇಲೆ ವಾಟರ್‌ಬೇಸ್ಡ್ ಪಾಲಿಯುರೆಥೇನ್ ಎರಡು ಕೋಟು, ಮ್ಯಾಟ್. ಹೊಳಪಿನದಾದರೆ ಟ್ಯೂಬ್‌ಲೈಟ್ ಗೋಡೆಯಲ್ಲಿ ಮೂಡಿ ಚಿತ್ರದ ಬದಲು ಅದೇ ಕಾಣುತ್ತದೆ. ಒಂದು ಗೇಣು ಜಾಗಕ್ಕೆ ಮೊದಲು ಹಚ್ಚಿ, 1% ಹೈಪೋಕ್ಲೋರೈಟಿನಲ್ಲಿ ಹತ್ತು ದಿನ ಒರೆಸಿ ನೋಡಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಆ ಕೋಟು ಆಸ್ಪತ್ರೆಗೆ ಆಗದು.

ಎದುರಿನ ಗೋಡೆಯದೇ ತಕರಾರು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಾಕಿ ನಿನ್ನೆ ಬಿಟ್ಟದ್ದು. ಇವತ್ತು ಬಿಚ್ಚಿದರೆ ಒಳಮೈಯಲ್ಲಿ ಹನಿ. ಗೋಡೆಯೊಳಗೇ ನೀರಿದೆ. ಈಗ ಬಣ್ಣ ಹೊಡೆದರೆ ಗುಳ್ಳೆ ಏಳುತ್ತದೆ, ಮಳೆ ನಿಂತು ಗೋಡೆ ಒಣಗುವಾಗ ಬಿಳಿ ಉಪ್ಪು ಹೊರಗೆ ಬರುತ್ತದೆ. ದೀಪಾವಳಿ ಕಳೆಯಲಿ. ಹೊರಗಿನ ಸೋರಿಕೆ ಮುಚ್ಚದಿದ್ದರೆ ದೀಪಾವಳಿಗೂ ಇದೇ ಪಾಡು.

ಒಳಗೋಡೆ ಒಣಗಿದೆ, ಆದರೆ ಅದು ಕುರ್ಚಿಗಳ ಬೆನ್ನಿಗೆ. ಅಲ್ಲಿ ಬರೆದರೆ ಬಾಗಿಲಲ್ಲಿ ಬಂದು ಫೋಟೊ ಹೊಡೆಯುವವರಿಗೆ ಚಂದ, ಅಷ್ಟೆ. ಕುರ್ಚಿ ತಿರುಗಿಸೋಣವೆಂದರೆ ಡಯಾಲಿಸಿಸ್ ಯಂತ್ರಕ್ಕೆ ಬರುವ ಆರ್‌ಓ ನೀರಿನ ಪೈಪು, ಡ್ರೈನು ಎರಡೂ ಅದೇ ಗೋಡೆಯಲ್ಲಿವೆ.

ಸಂಜೆ ಎಲ್ಲರೂ ಹೋದಮೇಲೆ ಮೂರನೇ ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಒರಗಿದರೆ ಗೋಡೆ ಕಾಣುವುದೇ ಇಲ್ಲ! ಕಾಣುವುದು ಸೀಲಿಂಗು, ಎರಡಡಿ ಚೌಕದ ಹಲಗೆಗಳು. ಕುರ್ಚಿಗೆ ಎರಡು ಹಲಗೆ ಇಳಿಸಿ, ಕೆಳಗೇ ಬರೆದು ಏರಿಸಬಹುದು. ತೋಟದಲ್ಲಿ ಅಂಗಾತ ಮಲಗಿದವರಿಗೆ ಕಾಣುವ ಅಡಿಕೆ ಗರಿ, ನಡುವೆ ಚೂರು ಆಕಾಶ. ಅಜ್ಜನ ನೆತ್ತಿಯ ಮೇಲೆ ಮಾತ್ರ ಸರಿಯಾಗಿ ಟ್ಯೂಬ್‌ಲೈಟು. ಅದನ್ನು ಒಂದು ಹಲಗೆ ಆಚೆ ಸರಿಸಿದರೆ ಸೂಜಿ ಚುಚ್ಚುವ ಕೈಗೆ ಬೆಳಕು ಸಾಕಾದೀತೇ?